ಬಾಗಿಲ ಮೇಲೆ ಕಲಾವತಿ ಎಳೆದ ಗೆರೆ

ನಾಗಪುರದ ಪ್ರತಾಪ ನಗರದಲ್ಲಿ ಕಲಾವತಿಯ ಮನೆ ಯಾವುದೆಂದು ಕೇಳಿದರೆ ಕೆಲವರಿಗೆ ಗೊತ್ತಾಗುವುದಿಲ್ಲ. ‘ಆಗ್‌ವಾಲಿ ವಹಿನಿ’ಯ ಮನೆ ಎಂದು ಕೇಳಿದರೆ ತರಕಾರಿ ಗಾಡಿಯವನೂ ಕೈ ಮಾಡಿ ತೋರಿಸುತ್ತಾನೆ. ಬೆಂಕಿಯ ಅತ್ತಿಗೆ ಎಂದು ಅದರ ಅರ್ಥ. ಊರಿಗೆ ಬೆಂಕಿ ಹಚ್ಚಿದವಳಲ್ಲ, ಬೆಂಕಿ ಬಿದ್ದಾಗ ಓಡುವವಳು.

“ಗುಳೇದಗುಡ್ಡದಾಗ ನಿಮ್ಮಪ್ಪ ಎಷ್ಟ ಚಂದ ಹೆಸರಿಟ್ಟಿದ್ದ. ಈ ಮಂದಿ ಅದನ್ನ ಸುಟ್ಟ ಬೂದಿ ಮಾಡಿಬಿಟ್ರು ನೋಡು,” ಎಂದು ಗಂಡ ಶಂಕರಪ್ಪ ನಗುತ್ತಾನೆ. ಅವನು ಆರ್ಡ್‌ನನ್ಸ್ ಫ್ಯಾಕ್ಟರಿಯಲ್ಲಿ ಫಿಟ್ಟರ್. ಮದುವೆಯಾದ ವರ್ಷವೇ ಅವಳನ್ನು ನಾಗಪುರಕ್ಕೆ ಕರೆತಂದವನು.

ಬಂದ ಹೊಸದರಲ್ಲಿ ಕಲಾವತಿಗೆ ಇಲ್ಲಿ ಎರಡಕ್ಕೆ ಹೆದರಿಕೆ. ಒಂದು ಬಿಸಿಲು, ಇನ್ನೊಂದು ಮಾತು. ಬಿಸಿಲಿಗೆ ಕೂಲರ್ ಬಂತು. ಮಾತನ್ನು ತರಕಾರಿಯವಳ ಹತ್ತಿರ, ಹಾಲಿನವನ ಹತ್ತಿರ, ನೀರಿನ ನಲ್ಲಿಯ ಮುಂದೆ ನಿಂತ ಹೆಂಗಸರ ಹತ್ತಿರ ಕಲಿತಳು. ಕಲಿತದ್ದಕ್ಕಿಂತ ಕೇಳಿದ್ದೇ ಹೆಚ್ಚು. ಯಾರು ಬಂದು ಕೂತರೂ ಅವರ ಮಾತು ಮುಗಿಯುವ ತನಕ ಕೇಳುವ ಗುಣ ಅವಳದು. ಹಾಗಾಗಿ ಯಾರ ಮನೆಯಲ್ಲಿ ಮುದುಕರಿದ್ದಾರೆ, ಯಾರ ಮನೆಯಲ್ಲಿ ಹಸುಗೂಸಿದೆ, ಯಾರ ಮನೆಯ ಕೂಲರ್ ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂಬುದೆಲ್ಲ ಅವಳಿಗೆ ಕೇಳದೆಯೇ ಬಂದು ಸೇರುತ್ತಿತ್ತು.

ಬೆಂಕಿಯ ಗಾಡಿಗೂ ಅವಳಿಗೂ ನಂಟು ಬೆಳೆದದ್ದು ಮಗಳು ನಮ್ರತಾ ಇನ್ನೂ ತೊಟ್ಟಿಲಲ್ಲಿದ್ದಾಗ. ಪಕ್ಕದ ಮನೆಯ ಅಡುಗೆಮನೆಯಲ್ಲಿ ಸಿಲಿಂಡರಿನ ಪೈಪಿಗೆ ಬೆಂಕಿ ಹತ್ತಿತ್ತು. ಆ ಅಡುಗೆಮನೆಗೂ ಇವರ ತೊಟ್ಟಿಲಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಕಲಾವತಿ ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದಳು. ಅವಳು ಒಳಗೆ ಓಡಿ ಕೂಸನ್ನು ಎತ್ತಿಕೊಂಡು ಬರುವಷ್ಟರಲ್ಲಿ ಕೆಂಪು ಗಾಡಿ ಬಂದಿತ್ತು. ಒಬ್ಬಾತ ಒದ್ದೆ ಗೋಣಿಚೀಲ ಹೊದೆಸಿ, ಸಿಲಿಂಡರನ್ನು ಕೂಸನ್ನು ಎತ್ತಿದಂತೆಯೇ ಎತ್ತಿ ಬಯಲಿಗೆ ಒಯ್ದು ಇಟ್ಟ. ಮಾರನೆಯ ದಿನ ಅವಳು ಹೋಳಿಗೆಯ ಡಬ್ಬಿ ಹಿಡಿದು ಫೈರ್ ಸ್ಟೇಷನ್ನಿಗೆ ಹೋದರೆ ಪಾಳಿ ಬದಲಾಗಿತ್ತು. ಬಂದವನು ಯಾರೆಂದು ಅಲ್ಲಿದ್ದವರಿಗೆ ಹೇಳಲಾಗಲಿಲ್ಲ.

“ಯಾರು ಬಂದಿದ್ದರೋ ಏನೋ ತಾಯಿ,” ಎಂದ ಅಲ್ಲಿ ಗಾಡಿ ಒರೆಸುತ್ತಿದ್ದವನು. “ಆದರೆ ಹೋಳಿಗೆ ತಿನ್ನೋಕೆ ನಾವೂ ಆಗ್ತೀವಿ.”

ಅವಳು ಅವರಿಗೇ ಬಡಿಸಿ ಬಂದಳು. ಆದರೂ ಆ ಮನುಷ್ಯನ ಮುಖ ನೋಡಿ ಒಂದು ಮಾತು ಹೇಳಲಾಗಲಿಲ್ಲವಲ್ಲ ಎಂಬುದು ಉಳಿದೇ ಹೋಯಿತು. ಬೆಳಿಗ್ಗೆ ಪೂಜೆಗೆ ಕೂತಾಗ ಹೆಸರಿಲ್ಲದ ಆ ಮನುಷ್ಯನನ್ನೂ ನೆನೆಯುತ್ತಿದ್ದಳು. ನಮ್ರತಾ ಕಾಲೇಜಿಗೆ ಹೋಗಲು ಶುರು ಮಾಡಿದ ವರ್ಷ, ಬೆಂಕಿಯ ಅವಘಡಗಳಲ್ಲಿ ನೆರವಾಗಲು ಸ್ವಯಂಸೇವಕರು ಬೇಕೆಂದು ಬಡಾವಣೆಯ ಗಣಪತಿ ಗುಡಿಯ ಹತ್ತಿರ ಫಲಕ ಹಾಕಿದರು. ಕಲಾವತಿ ಮನೆಗೆ ಬಂದು ಗಂಡನಿಗೆ ಹೇಳಿದಳು.

“ಮನ್ಯಾಗ ಹಾಲ ಉಕ್ಕಿದ್ರ ನಿನಗ ಗೊತ್ತಾಗಂಗಿಲ್ಲ,” ಎಂದ ಶಂಕರಪ್ಪ. “ಊರ ಬೆಂಕಿ ಆರಸ್ತಿಯಾ?”

“ಹಾಲ ಉಕ್ಕಿದ್ರ ನೀವ ಆರಸ್ರಿ. ನಾ ಊರಿಂದ ನೋಡ್ಕೋತೀನಿ.”

ತರಬೇತಿ ಕೊಟ್ಟವನು ಸ್ಟೇಷನ್ನಿನ ಸುನೀಲ್. ನಡುವಯಸ್ಸಿನ ಮರಾಠಿ ಮನುಷ್ಯ. ಗಾಡಿ ಹೊರಟಿತೆಂದರೆ ಅದರ ಹುಡುಗರಿಗೆಲ್ಲ ಅವನೇ ಮುಖ್ಯಸ್ಥ. ಎಲ್ಲ ಹೆಂಗಸರನ್ನೂ ವಹಿನಿ ಎಂದು ಕರೆಯುತ್ತಿದ್ದ, ಎಲ್ಲರಿಗೂ ಒಂದೇ ಸಮ ಬೈಯುತ್ತಿದ್ದ. ಅವರಿಗೆ ಅವನು ಭಾವು, ಅಂದರೆ ಅಣ್ಣ. ಸೀರೆಯಲ್ಲಿ ಏಣಿಯ ಹತ್ತಿರ ಬರಬೇಡಿ ಎಂದದ್ದಕ್ಕೆ ಕಲಾವತಿ ಹುಟ್ಟಿದಂದಿನಿಂದ ಮೊದಲ ಸಲ ಸಲವಾರ್ ಹಾಕಿದಳು. ಮೊದಲ ದಿನ ಓಣಿಯಲ್ಲಿ ಗೋಡೆ ಹಿಡಿದು ನಡೆದು ಹೋಗಿದ್ದಳು.

“ನೀರಿನ ಪೈಪು ಹಿಡಿಯೋ ಕೆಲಸ ನಿಮ್ಮದಲ್ಲ,” ಎಂದು ಸುನೀಲ್ ಮೊದಲೇ ಹೇಳಿಬಿಟ್ಟಿದ್ದ. “ನನ್ನ ಗಾಡಿ ಬರೋ ತನಕ ಓಣಿ ನಿಮ್ಮದು. ಬೈಕು ಸರಿಸಿ, ಕರೆಂಟು ತೆಗೆಸಿ, ಮಂದಿಯನ್ನ ಹೊರಗೆ ತನ್ನಿ. ಆಮೇಲೆ ಬಾಗಿಲಿಗೆ ಗೆರೆ.”

ಗೆರೆ ಎಂದರೆ ಸೀಮೆಸುಣ್ಣದ ಗೆರೆ. ಬೆಂಕಿ ಬಿದ್ದ ಕಟ್ಟಡದಲ್ಲಿ ಹೊಗೆ ಏರುವ ಮೊದಲು ಸ್ವಯಂಸೇವಕರು ಒಂದೊಂದೇ ಬಾಗಿಲು ಬಡಿದು, ಜೋರಾಗಿ ಕರೆದು, ಒಳಗೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಬಾಗಿಲ ಮೇಲೆ ಅಡ್ಡ ಗೆರೆ ಎಳೆಯಬೇಕು. ಕೆಳಗೆ ಬಂದು ಸುನೀಲನಿಗೆ ಬಾಯಲ್ಲಿಯೂ ಹೇಳಬೇಕು.

“ಗೆರೆ ಇರೋ ಬಾಗಿಲನ್ನ ನನ್ನ ಹುಡುಗರು ತೆಗೆದು ನೋಡೋದಿಲ್ಲ. ಆ ಹೊತ್ತು ಇನ್ನೊಂದು ಬಾಗಿಲಿಗೆ ಬೇಕು. ಗೊತ್ತಾಯಿತಲ್ಲ? ನಿಮ್ಮ ಗೆರೆ ಅಂದರೆ ನನ್ನ ಮಾತು.”

ಕಲಾವತಿ ಆ ಮಾತನ್ನು ಮಂತ್ರದ ಹಾಗೆ ಹಿಡಿದಳು. ಮುಂದೆ ಎಷ್ಟೋ ಕರೆಗಳಿಗೆ ಓಡಿದಳು. ಕಸದ ರಾಶಿಗೆ ಬಿದ್ದ ಬೆಂಕಿ, ಮೀಟರ್ ಪೆಟ್ಟಿಗೆಗೆ ಬಿದ್ದದ್ದು, ಒಮ್ಮೆ ಹಿಂಗಣಾ ರಸ್ತೆಯಲ್ಲಿ ರಟ್ಟಿನ ಡಬ್ಬಿಗಳ ಗೋದಾಮಿಗೆ ಬಿದ್ದದ್ದು. ಅವಳು ಎಳೆದ ಯಾವ ಗೆರೆಯೂ ಸುಳ್ಳಾಗಿರಲಿಲ್ಲ.

ಸುಳ್ಳಾದದ್ದು ಹೋದ ಮೇ ತಿಂಗಳಿನಲ್ಲಿ.

ಅಂದು ಸೋಮವಾರ. ಕಲಾವತಿ ಪೂಜೆ ಮುಗಿಸಿ ಎದ್ದು ಗಂಡನ ಡಬ್ಬಿ ಕಟ್ಟುತ್ತಿದ್ದಳು. ಎರಡು ಓಣಿ ಆಚೆ ಕೂಲರಿನ ಅಂಗಡಿಗೆ ಬೆಂಕಿ ಬಿದ್ದಿದೆ ಎಂದು ಫೋನು ಬಂತು. ಮಾಡಿದವಳು ಶೀತಲ್, ಇವಳ ಜೊತೆಯೇ ತರಬೇತಿ ಮುಗಿಸಿದ ಹುಡುಗಿ, ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಕಲಾವತಿ ಕಿತ್ತಳೆ ಬಣ್ಣದ ಜಾಕೀಟು ಏರಿಸಿಕೊಂಡು ಓಡಿದಳು.

“ಪಲ್ಯಾ ಹಾಕೇ ಇಲ್ಲಲ್ಲ!” ಎಂದು ಶಂಕರಪ್ಪ ಹಿಂದಿನಿಂದ ಕೂಗಿದ.

“ಬೋಗುಣ್ಯಾಗ ಐತಿ, ಹಾಕ್ಕೋರಿ!”

ಮೂರು ಮಹಡಿಯ ಕಟ್ಟಡ. ನೆಲಮಟ್ಟದಲ್ಲಿ ಅಂಗಡಿ, ಮೇಲೆ ಬಾಡಿಗೆ ಮನೆಗಳು. ಬೇಸಿಗೆಯ ವ್ಯಾಪಾರಕ್ಕೆಂದು ಅಂಗಡಿಯವನು ಕೂಲರಿಗೆ ಕಟ್ಟುವ ಲಾವಂಚದ ತಟ್ಟಿಗಳನ್ನು ಸೂರಿನ ತನಕ ಒಟ್ಟಿದ್ದ. ಒಣಗಿದ ಬೇರು, ಹತ್ತಿಕೊಳ್ಳಲು ಒಂದು ಕಿಡಿ ಸಾಕು. ಕಲಾವತಿ ತಲುಪುವಾಗ ಷಟರಿನ ಸಂದಿಯಿಂದ ಬಿಳಿ ಹೊಗೆ ಬರುತ್ತಿತ್ತು. ಇಡೀ ಓಣಿಗೆ ಘಮಘಮ ವಾಸನೆ. ಬೆಂಕಿಯ ವಾಸನೆ ಅಂಥದ್ದಿರುತ್ತದೆ ಎಂದು ಯಾರೂ ಅಂದುಕೊಳ್ಳುವ ಹಾಗಿರಲಿಲ್ಲ.

ಶೀತಲ್ ಕೆಳಗೆ ನಿಂತು ಬೈಕುಗಳನ್ನು ಸರಿಸತೊಡಗಿದಳು. ಕಲಾವತಿ ಮೆಟ್ಟಿಲು ಹತ್ತಿದಳು. ಮೊದಲನೆಯ ಮಹಡಿಯವರು ಆಗಲೇ ಇಳಿಯುತ್ತಿದ್ದರು. ಮೂರನೆಯದರಲ್ಲಿ ಗಂಡ, ಹೆಂಡತಿ, ಎರಡು ಮಕ್ಕಳು. ಅವರನ್ನು ಮುಂದೆ ಮಾಡಿಕೊಂಡು ಇಳಿದಳು. ಎರಡನೆಯ ಮಹಡಿಯ ಬಾಗಿಲು ಮುಚ್ಚಿತ್ತು. ಬಾಗಿಲ ಮೇಲೆ ಮನೆಯ ಮಾಲೀಕನ ಮರಾಠಿ ಹೆಸರು.

“ಹೊಸ ಬಾಡಿಗೆಯವರು. ಕಾಮಠಿ ಕಡೆಯಿಂದ ಬಂದು ವಾರವಾಗಿಲ್ಲ,” ಎಂದಳು ಮೂರನೆಯ ಮಹಡಿಯ ಹೆಂಗಸು. “ಆಗಲೇ ಸ್ಕೂಟಿ ಮೇಲೆ ಹೋದರು, ನಾನೇ ನೋಡಿದೆ.”

ಆದರೂ ಕಲಾವತಿ ನಿಯಮ ಬಿಡಲಿಲ್ಲ. ಮುಷ್ಟಿಯಿಂದ ಬಾಗಿಲು ಬಡಿದಳು. “ಕೋಣೀ ಆಹೇ ಕಾ?” ಒಳಗೆ ಯಾರಾದರೂ ಇದ್ದೀರಾ, ಬೆಂಕಿ ಬಿದ್ದಿದೆ, ಹೊರಗೆ ಬನ್ನಿ ಎಂದು ಮರಾಠಿಯಲ್ಲಿ, ಆಮೇಲೆ ಹಿಂದಿಯಲ್ಲಿ ಕೂಗಿದಳು. ಒಳಗಿನಿಂದ ಉಸಿರೂ ಇಲ್ಲ. ಅವಳು ಸೀಮೆಸುಣ್ಣ ತೆಗೆದು ಅಡ್ಡ ಗೆರೆ ಎಳೆದು ಕೆಳಗಿಳಿದಳು. ಗಾಡಿ ಬಂದು ನಿಂತಿತ್ತು. ಸುನೀಲನ ಹುಡುಗರು ಪೈಪು ಬಿಚ್ಚುತ್ತಿದ್ದರು.

“ಸುನೀಲಭಾವು, ಮೇಲೆ ಎಲ್ಲ ಖಾಲಿ.”

“ಪಕ್ಕಾ?”

“ಪಕ್ಕಾ.”

ಹುಡುಗರು ಷಟರು ಎತ್ತಿದರು. ಗಾಳಿ ಒಳಗೆ ಹೋದದ್ದೇ ತಡ, ಬಿಳಿ ಹೊಗೆ ಕಪ್ಪಾಗಿ, ಸುರುಳಿ ಸುರುಳಿಯಾಗಿ ಮೆಟ್ಟಿಲಿನ ಕಡೆ ತಿರುಗಿತು. ಕಲಾವತಿ ಮಂದಿಯನ್ನು ಹಿಂದಕ್ಕೆ ಸರಿಸುತ್ತಾ ಕಟ್ಟಡದ ಪಕ್ಕದ ಸಂದಿಗೆ ಬಂದಳು. ತಲೆಯ ಮೇಲೆ ಒಂದು ಹನಿ ನೀರು ಬಿತ್ತು. ಪೈಪಿನ ನೀರು ಇಲ್ಲಿಗೆ ಹೇಗೆ ಬಂತು ಎಂದು ಮೇಲೆ ನೋಡಿದಳು.

ಎರಡನೆಯ ಮಹಡಿಯ ಬಾಲ್ಕನಿಯಲ್ಲಿ ಹಗ್ಗದ ಮೇಲೆ ಒಂದು ಸೀರೆ. ಇಳಕಲ್ ಸೀರೆ. ತೆನೆ ತೆನೆಯಾಗಿ ನೇಯ್ದ ಕೆಂಪು ಟೋಪು ಸೆರಗು. ಅದರ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ನಾಗಪುರದ ಮೇ ತಿಂಗಳ ಬಿಸಿಲಿನಲ್ಲಿ ಒಗೆದು ಹಾಕಿದ ಸೀರೆಯಿಂದ ಎಷ್ಟು ಹೊತ್ತು ನೀರು ತೊಟ್ಟಿಕ್ಕೀತು? ಈಗಷ್ಟೇ ಯಾರೋ ಮಿಂದು, ಸೀರೆ ಹಿಂಡಿ ಹರವಿದ್ದಾರೆ. ಸ್ಕೂಟಿಯ ಮೇಲೆ ಹೋಗುವ ಹುಡುಗಿಯರು ಉಡುವ ಸೀರೆ ಅದಲ್ಲ. ತನ್ನ ಅವ್ವ ಉಡುತ್ತಿದ್ದಂಥ ಸೀರೆ. ಸೋಮವಾರ ಬೆಳಿಗ್ಗೆ ಮಿಂದ ಮೇಲೆ ಅವ್ವ ಏನು ಮಾಡುತ್ತಿದ್ದಳು? ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂರುತ್ತಿದ್ದಳು. ಕೂತಳೆಂದರೆ ಮುಗಿಯುವ ತನಕ ತುಟಿ ಬಿಚ್ಚುತ್ತಿರಲಿಲ್ಲ. ಅಪ್ಪ ಕರೆದರೂ ಇಲ್ಲ, ಬೀಗರು ಬಂದರೂ ಇಲ್ಲ. ಒಮ್ಮೆ ಬೆಕ್ಕು ಹಾಲಿನ ಪಾತ್ರೆಯಲ್ಲಿ ಬಾಯಿ ಹಾಕಿದಾಗಲೂ ಬರೀ ಕಣ್ಣು ಕೆಕ್ಕರಿಸಿದ್ದಳು.

ಒಳಗೆ ಒಬ್ಬ ಮುದುಕಿ ಇದ್ದಾಳೆ. ಬಾಗಿಲು ಬಡಿದದ್ದು ಕೇಳಿಸಿಯೂ ಸುಮ್ಮನೆ ಕೂತಿದ್ದಾಳೆ. ತಾನು ಆ ಬಾಗಿಲಿಗೆ ಗೆರೆ ಎಳೆದು ಬಂದಿದ್ದೇನೆ.

ಅವಳು ಸುನೀಲನ ಹತ್ತಿರ ಓಡಿದಳು.

“ಭಾವು, ನನ್ನ ಗೆರೆ ತಪ್ಪು. ಎರಡನೆಯ ಮಹಡಿಯಲ್ಲಿ ಮುದುಕಿ ಇದ್ದಾಳೆ.”

“ನೋಡಿದಿರಾ?”

“ನೋಡಿಲ್ಲ. ಆದರೆ ಇದ್ದಾಳೆ. ಪೂಜೆಗೆ ಕೂತಿದ್ದಾಳೆ, ನಮ್ಮವರು ಪೂಜೆಯಲ್ಲಿ ಮಾತಾಡುವುದಿಲ್ಲ.”

ಸುನೀಲ್ ಅವಳ ಮುಖವನ್ನು ಒಮ್ಮೆ ನೋಡಿದ, ಅಷ್ಟೇ. ಹೇಗೆ ಗೊತ್ತು, ಮೊದಲೇಕೆ ಹೇಳಲಿಲ್ಲ ಎಂದು ಒಂದು ಮಾತೂ ಕೇಳಲಿಲ್ಲ. ತಿರುಗಿ ಹುಡುಗರಿಗೆ ಏಣಿ ತರಲು ಕೂಗಿದ. ಮೆಟ್ಟಿಲು ಹೊಗೆಯಲ್ಲಿ ಮುಳುಗಿಹೋಗಿತ್ತು.

“ಬಾಗಿಲು ಒಡೆದರೆ ಈ ಹೊಗೆಯೆಲ್ಲ ಮನೆಯೊಳಗೆ ನುಗ್ಗುತ್ತದೆ,” ಎಂದ. “ಅವರೇ ಬಾಲ್ಕನಿಗೆ ಬಂದರೆ ಇಳಿಸಿಕೊಳ್ಳುತ್ತೇನೆ. ಕರೀರಿ ವಹಿನಿ. ನಿಮ್ಮ ಮಾತಿನಲ್ಲೇ ಕರೀರಿ. ಗಾಡಿಯ ಮೈಕು ತಗೊಳ್ಳಿ.”

ಕಲಾವತಿ ಮೈಕು ಹಿಡಿದಳು. ಹೆಸರು ಗೊತ್ತಿಲ್ಲ, ಏನೆಂದು ಕರೆಯುವುದು?

“ಯವ್ವಾ! ಇಳಕಲ್ ಸೀರಿ ಯವ್ವಾ! ಕೆಳಗ ಬೆಂಕಿ ಬಿದ್ದೈತಿ, ಜಲ್ದಿ ಹೊರಗ ಬರ್ರಿ!”

ಅವಳ ದನಿ ಓಣಿಯ ಈ ತುದಿಯಿಂದ ಆ ತುದಿಗೆ ಮೊಳಗಿತು. ಮರಾಠಿ ಮಂದಿ ತಲೆ ಎತ್ತಿ ನೋಡಿದರು. ಬೆಂಕಿಯ ಗಾಡಿ ಕನ್ನಡ ಮಾತಾಡಿದ್ದನ್ನು ಅವರು ಕೇಳಿರಲಿಲ್ಲ. ಬಾಲ್ಕನಿಗೆ ಮಾತ್ರ ಯಾರೂ ಬರಲಿಲ್ಲ.

“ಯವ್ವಾ, ನಾ ಗುಳೇದಗುಡ್ಡದಾಕಿ! ನಿಮ್ಮ ಕಡಿಯಾಕಿ! ಏಳ್ರಿ ಯವ್ವಾ!”

ಇಲ್ಲ. ಏಣಿ ಗೋಡೆಗೆ ತಾಗಿತು. ಸುನೀಲ್ ಹತ್ತತೊಡಗಿದ. ಕಲಾವತಿ ಕಣ್ಣು ಮುಚ್ಚಿದಳು. ಶಿವನೇ, ಇಕೀನ ಹೆಂಗ ಎಬ್ಬಸ್ಲಿ, ನೀನ ಹೇಳು. ತಾನೇ ಪೂಜೆಗೆ ಕೂತಿದ್ದರೆ ಯಾವ ಮಾತಿಗೆ ಎದ್ದೇನು? ಬೆಂಕಿ ಎಂದರೆ ಏಳುತ್ತಿದ್ದೆನೋ ಇಲ್ಲವೋ. ಅರ್ಧಕ್ಕೆ ಬಿಟ್ಟು ಏಳು ಎಂದರಂತೂ ಏಳುತ್ತಿರಲಿಲ್ಲ.

ಅವಳು ಮತ್ತೆ ಮೈಕು ಬಾಯಿಗೆ ಹಿಡಿದಳು. ಈ ಸಲ ಒದರಲಿಲ್ಲ. ಎದುರಿಗೆ ಕೂತವರಿಗೆ ಹೇಳುವ ಹಾಗೆ ಹೇಳಿದಳು.

“ಯವ್ವಾ, ಪೂಜಿ ಮುರೀಬ್ಯಾಡ್ರಿ. ಮಾತೂ ಆಡಬ್ಯಾಡ್ರಿ. ಲಿಂಗ ಅಂಗೈಯಾಗ ಹಂಗ ಇಟ್ಕೊಂಡ, ಎದ್ದ ಬಾಲ್ಕನಿಗೆ ಬರ್ರಿ. ಉಳದ ಪೂಜಿ ಕೆಳಗ ಕುಂತ ಮುಗಸೂಣು. ನಾ ಜಾಗಾ ಮಾಡ್ತೀನಿ. ಶಿವ ಎಲ್ಲ್ಯಾದ್ರೂ ಕುಂದರ್ತಾನ ಬರ್ರಿ.”

ಬಾಲ್ಕನಿಯ ಬಾಗಿಲು ಸರಿಯಿತು.

ಬಿಳಿ ಕೂದಲು, ಹಣೆ ತುಂಬಾ ವಿಭೂತಿ. ಎಡಗೈ ಎದೆಯ ಮಟ್ಟಕ್ಕೆ ಹಿಡಿದಿದ್ದಾಳೆ, ಅಂಗೈಯಲ್ಲಿ ಲಿಂಗ. ಮುದುಕಿ ಏಣಿಯ ತುದಿಯಲ್ಲಿದ್ದ ಸುನೀಲನನ್ನು ನೋಡಿದಳು, ಕೆಳಗಿನ ಮಂದಿಯನ್ನು ನೋಡಿದಳು, ಹಿಂದಿನ ಕೋಣೆಯೊಳಗೆ ಬರುತ್ತಿದ್ದ ಹೊಗೆಯನ್ನು ನೋಡಿದಳು. ಬಾಯಿ ಬಿಡಲಿಲ್ಲ. ಬಲಗೈ ಮಾತ್ರ ಮುಂದೆ ಚಾಚಿದಳು.

ಸುನೀಲನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಅವನು ಆ ಎಡಗೈಯನ್ನು ಮುಟ್ಟದೆ, ಸೊಂಟಕ್ಕೆ ಹಗ್ಗ ಕಟ್ಟಿ, ಅವಳನ್ನು ತನ್ನ ಮೈಗೆ ಆನಿಸಿಕೊಂಡು ಒಂದೊಂದೇ ಮೆಟ್ಟಿಲು ಇಳಿದ. ಕಲಾವತಿ ಎದುರು ಮನೆಯವರಿಂದ ಕುರ್ಚಿ ತಂದು ಬೇವಿನ ನೆರಳಿನಲ್ಲಿ ಹಾಕಿದಳು. ಶೀತಲ್ ತನ್ನ ದುಪಟ್ಟಾ ಬಿಚ್ಚಿ ಬಿಸಿಲಿಗೆ ಮರೆ ಹಿಡಿದಳು. ಮುದುಕಿ ಕೂತು, ಕಣ್ಣು ಅಂಗೈಯಲ್ಲಿ ನೆಟ್ಟು, ಬಿಟ್ಟಲ್ಲಿಂದ ಮುಂದುವರಿಸಿದಳು. ಒಂದು ಕಡೆ ಪಂಪು ಗುಡುಗುಡು ಎನ್ನುತ್ತಿತ್ತು, ಷಟರಿನ ಮೇಲೆ ನೀರು ಬಡಿಯುತ್ತಿತ್ತು. ಈ ಕಡೆ ಬೇವಿನ ಕೆಳಗೆ ನಿಂತವರೆಲ್ಲ ತಮಗೆ ತಾವೇ ದನಿ ತಗ್ಗಿಸಿದರು. ತಾಲೀಮು ಮಾಡಿದ ತೋಳಿನ ಹುಡುಗನೊಬ್ಬ ಬೀಡಿ ಆರಿಸಿದ.

ಪೂಜೆ ಮುಗಿಯಿತು. ಮುದುಕಿ ಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿಕೊಂಡಳು. ಆಮೇಲೆ ತಲೆ ಎತ್ತಿದಳು.

“ಯಾರ ಅಕಿ, ನನ್ನ ಇಳಕಲ್ ಸೀರಿ ಅಂತ ಕರದಾಕಿ? ನನಗ ಹೆಸರಿಲ್ಲೇನು? ಜಯವ್ವ ಅಂತಾರ ನನಗ.”

“ನಾನರಿ ಯವ್ವಾ. ಹೆಸರ ಗೊತ್ತಿರಲಿಲ್ಲ.”

“ಮೊದಲ ಸಿವನ ಕರದ ಅನ್ಕೊಂಡೆ. ಆಮ್ಯಾಲೆ, ಇಲ್ಲ, ಅಂವ ಇಷ್ಟ ಒದರಂಗಿಲ್ಲ ಅನಸ್ತು.”

ಕಲಾವತಿಗೆ ನಗು ಬಂತು, ಅದರ ಹಿಂದೆಯೇ ಅಳು. ಅವಳು ಕುರ್ಚಿಯ ಮುಂದೆ ನೆಲದ ಮೇಲೆ ಕೂತಳು.

“ಯವ್ವಾ, ಬಾಗಲಾ ಬಡದಾಕಿನೂ ನಾನ. ಉತ್ತರ ಬರಲಿಲ್ಲ ಅಂತ, ಒಳಗ ಯಾರೂ ಇಲ್ಲಂತ ಹೇಳಿ ಹೋಗಿದ್ದೆ. ಇವರು ನನ್ನ ಮಾತ ನಂಬಿದ್ರು. ನಿಮ್ಮ ಸೀರಿ ನೋಡಲಿಲ್ಲಂದ್ರ...”

“ಬಡದಿದ್ದ ಕೇಳಿತ್ತು,” ಎಂದಳು ಜಯವ್ವ. “ಮರಾಠ್ಯಾಗ ಏನೋ ಅಂದಿ, ಸಾಬೂನ ಮಾರಾಕ ಬಂದಾರ ಅನ್ಕೊಂಡೆ. ಹೊಗಿ ಬಂತು, ಲಾವಂಚದ ವಾಸನಿ. ಯಾರೋ ಪುಣ್ಯಾತ್ಮರು ಧೂಪಾ ಹಾಕ್ಯಾರ, ಛಲೋ ಆತು ಅಂತ ಇನ್ನಷ್ಟ ಗಟ್ಟಿ ಕುಂತೆ. ತಪ್ಪೇನ ನಿಂದೊಂದ ಅಲ್ಲವ್ವಾ. ತಿರುಗಿ ಬಂದಿಯಲ್ಲ ಮತ್ತ. ಅಳಬ್ಯಾಡ, ಏಳು.”

ಅಷ್ಟರಲ್ಲಿ ಸೊಸೆ ತೇಜಶ್ರೀ ಸ್ಕೂಟಿಯನ್ನು ಓಣಿಯ ಬಾಯಲ್ಲೇ ಬಿಟ್ಟು ಓಡಿ ಬಂದಳು. ಅತ್ತೆಯನ್ನು ತಬ್ಬಿ, ಕೈಕಾಲು ಸವರಿ ನೋಡಿ, ತಟ್ಟನೆ ಬಗ್ಗಿ ಸುನೀಲನ ಕಾಲು ಮುಟ್ಟಲು ಹೋದಳು. ಬೆಂಕಿಗೆ ಹೆದರದ ಸುನೀಲ್ ಎರಡು ಹೆಜ್ಜೆ ಹಿಂದೆ ಹಾರಿದ.

“ನನಗಲ್ಲ, ನನಗಲ್ಲ! ಅಲ್ಲಿ ಕೂತಿದ್ದಾರಲ್ಲ, ಆ ವಹಿನಿಗೆ ಹೇಳಿ.”

“ನನಗ ಹೇಳಬ್ಯಾಡವ್ವಾ,” ಎಂದಳು ಕಲಾವತಿ. “ಗೆರಿ ಎಳದಾಕಿ ನಾನು. ಏಣಿ ಹತ್ತಿದಂವ ಅಂವ.”

ಬೆಂಕಿ ಆರಿತು. ಅಂಗಡಿಯ ಮಾಲು ಹೋಯಿತು, ಆದರೆ ಒಂದು ನರಪಿಳ್ಳೆಗೂ ಏನೂ ಆಗಲಿಲ್ಲ. ಹುಡುಗರು ಪೈಪು ಸುತ್ತುವಾಗ ಕಲಾವತಿ ಸುನೀಲನ ಹತ್ತಿರ ಬಂದು ನಿಂತಳು. ಹೇಳಬೇಕೆಂದಿದ್ದ ಮಾತು ಎಷ್ಟೋ ಇತ್ತು.

“ಭಾವು, ಆಗ ನೀವು ಬೈಯಲಿಲ್ಲ. ನಾನು ನೋಡಿಲ್ಲ ಅಂದರೂ ನಂಬಿದಿರಿ. ಅದಕ್ಕೆ...”

“ಬೈಯೋಕೆ ಟೈಮ್ ಎಲ್ಲಿತ್ತು ವಹಿನಿ?” ಎಂದ ಸುನೀಲ್, ಮುಖದ ಮಸಿ ಒರೆಸಿಕೊಳ್ಳುತ್ತಾ. “ಗುರುವಾರದ ಕ್ಲಾಸಿನಲ್ಲಿ ಬೈತೀನಿ, ಎಲ್ಲರ ಮುಂದೆ. ಆಮೇಲೆ ಆ ಮೈಕಿನಲ್ಲಿ ಹೇಳಿದ್ದನ್ನ ಎಲ್ಲರಿಗೂ ಕಲಿಸಿಕೊಡಿ. ಈಗ ಹೊಗೆ ಹೋಗಿದೆ. ಒಂದು ಸಲ ಮೇಲೆ ಹೋಗಿ ಎಲ್ಲ ಬಾಗಿಲು ನೋಡಿ ಬನ್ನಿ. ನೋಡಿ ಬಂದು ಹೇಳಿ.”

“ನಾನಾ?”

“ಮತ್ತಿನ್ಯಾರು? ಶೀತಲಳನ್ನ ಕಳಿಸಿದರೆ ಅವಳು ಕನ್ನಡಿ ಇದ್ದಲ್ಲೇ ನಿಂತುಬಿಡ್ತಾಳೆ.”

ದುಪಟ್ಟಾ ಮಡಿಸುತ್ತಿದ್ದ ಶೀತಲ್ ಅವನಿಗೆ ಮರಾಠಿಯಲ್ಲಿ ಏನೋ ಅಂದಳು. ಹುಡುಗರೆಲ್ಲ ನಕ್ಕರು.

ಕಲಾವತಿ ಟಾರ್ಚು ತೆಗೆದುಕೊಂಡು ಮೆಟ್ಟಿಲು ಹತ್ತಿದಳು. ಗೋಡೆಗಳು ಕಪ್ಪಾಗಿದ್ದವು, ಕಾಲ ಕೆಳಗೆ ನೀರು ಹರಿಯುತ್ತಿತ್ತು. ಮೊದಲ ಮಹಡಿ ನೋಡಿದಳು, ಎರಡನೆಯದಕ್ಕೆ ಬಂದಳು. ಬಾಗಿಲ ಮೇಲೆ ಮಸಿಯ ನಡುವೆ ಅವಳ ಗೆರೆ ಇನ್ನೂ ಬೆಳ್ಳಗೆ ಕಾಣುತ್ತಿತ್ತು. ಅದನ್ನು ಒದ್ದೆ ಅಂಗೈಯಿಂದ ತಿಕ್ಕಿ ಒರೆಸಿದಳು. ಈಗ ಒಳಗೆ ಯಾರೂ ಇಲ್ಲವೆಂದು ಗೊತ್ತಿತ್ತು. ಆದರೂ ಬಡಿದಳು. ಮರಾಠಿಯಲ್ಲಿ ಕರೆದಳು, ಹಿಂದಿಯಲ್ಲಿ ಕರೆದಳು. “ಯವ್ವಾ, ಯಾರರ ಅದೀರೇನ್ರಿ?” ಎಂದು ಕನ್ನಡದಲ್ಲಿಯೂ ಕರೆದಳು. ಆಮೇಲೆ ಬಾಗಿಲಿಗೆ ಕಿವಿ ಹಚ್ಚಿ, ಉಸಿರು ಹಿಡಿದು ನಿಂತಳು.

ಕೆಳಗಿನಿಂದ ಜಯವ್ವನ ದನಿ ಕೇಳುತ್ತಿತ್ತು. ಚಹಾ ಕುಡಿಯದೆ ಗಾಡಿ ಹತ್ತಲು ಹೊರಟ ಹುಡುಗರನ್ನು ಅವಳು ಗಟ್ಟಿಯಾಗಿ ಗದರಿಸುತ್ತಿದ್ದಳು. ಸೊಸೆ ಅದನ್ನು ಮರಾಠಿಗೆ ತಿರುಗಿಸುತ್ತಿದ್ದಳು, ಅರ್ಧ ಬೈಗುಳ ಬಿಟ್ಟು.

ಆ ದನಿ ಕೇಳುತ್ತಿದೆಯಲ್ಲ ಎಂದು ಕಲಾವತಿ ಖಾಲಿ ಬಾಗಿಲ ಮುಂದೆಯೇ ಕೈಮುಗಿದಳು. ಆಮೇಲೆ ಮೂರನೆಯ ಮಹಡಿಗೆ ಹತ್ತಿದಳು.